ಇಕ್ಕಳಹುಳುವಿನ ಪರವಾಗಿ ಮಾತಾಡುವವರು ಯಾರು?



ನಿಮ್ಮ ಮನೆಯಂಗಳದಲ್ಲಿ ನಾಲ್ಕು ಹೂಕುಂಡಗಳಿದ್ದರೆ ಈ ಹುಳುವನ್ನು ನೀವು ನೋಡಿಯೇ ಇರುತ್ತೀರಿ. ಮಳೆಗಾಲದಲ್ಲಿ ಕುಂಡವನ್ನು ಒಂದಿಷ್ಟು ಸರಿಸಿದರೆ ಸಾಕು, ಅಡಿಯ ಒದ್ದೆ ಮಣ್ಣಿನಿಂದ ಕಂದು ಇಲ್ಲವೇ ಕಪ್ಪು ಬಣ್ಣದ ಸಪೂರ ಹುಳುವೊಂದು ಬಾಲವೆತ್ತಿಕೊಂಡು ಓಡುತ್ತದೆ. ಬಾಲದ ತುದಿಯಲ್ಲಿ ಅಕ್ಕಸಾಲಿಗರ ಚಿಮಟದಂಥ ಪುಟ್ಟ ಇಕ್ಕಳ. ಇಂಗ್ಲಿಷಿನಲ್ಲಿ ಇಯರ್‌ವಿಗ್ ಎನ್ನುತ್ತಾರೆ. ನಮ್ಮೂರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಆದ್ದರಿಂದ ನಾನು ಇಲ್ಲಿ ಇಕ್ಕಳಹುಳು ಎಂದೇ ಬರೆಯುತ್ತೇನೆ.

'ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಹುಳುವಿನ ವಿಚಾರವೇ?' ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ನನ್ನಿಂದಾದ ಒಂದು ತಪ್ಪನ್ನು ಹೇಳಿಕೊಳ್ಳದೆ ಈ ಲೇಖನ ಮುಂದಕ್ಕೆ ಹೋಗುವುದಿಲ್ಲ.

ಮೂರು ವರ್ಷಗಳ ಹಿಂದಿನ ಆಗಸ್ಟ್ ತಿಂಗಳು. ಕರಾವಳಿಯ ನಮಗೆಲ್ಲ ಗೊತ್ತಿರುವಂತೆ ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ದೇವಾಲಯಕ್ಕೆ ಹೋಗುತ್ತಾರೆ, ಬಾಲೆ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್, ಹೊಸ ತೆನೆಯ ಆಶೀರ್ವಾದ. ಎರಡನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ಆ ವರ್ಷ ನಮ್ಮ ಮನೆಯಿಂದಲೇ ನೊವೇನಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಪೇಟೆಯ ಹೂ ಬೇಡ, ನಮ್ಮ ಗಿಡದ್ದೇ ಆಗಬೇಕೆಂದು ಜೂನ್ ತಿಂಗಳಲ್ಲೇ ಗೊಂಡೆ, ಡೇಲಿಯ, ಕರ್ಣಕುಂಡಲಗಳನ್ನು ನೆಟ್ಟಿದ್ದೆ. ಗಿಡಗಳು ಚೆನ್ನಾಗಿ ಬಂದವು. ಮೊಗ್ಗೂ ಬಿಟ್ಟವು. ಆಗಸ್ಟ್ ಮಧ್ಯದ ಹೊತ್ತಿಗೆ ನೋಡುತ್ತೇನೆ, ಡೇಲಿಯದ ಎಸಳುಗಳ ಅಂಚು ಕತ್ತರಿ ಹಾಕಿದಂತೆ ಹರಿದಿದೆ. ಎರಡು ಗೊಂಡೆ ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿದಿದೆ. ಸಿಟ್ಟಿನಿಂದ ಒಂದು ಡೇಲಿಯ ಹೂವನ್ನು ಕಿತ್ತು ಅಂಗೈ ಮೇಲೆ ಕೊಡವಿದಾಗ ಅದರೊಳಗಿಂದ ಎರಡು ಇಕ್ಕಳಹುಳು ಬಿದ್ದವು.

ಕಳ್ಳ ಸಿಕ್ಕಿದನಲ್ಲ! ಇನ್ನೇನು ಸಾಕ್ಷಿ ಬೇಕು?

ನಾನು ವಿಷ ಬಳಸುವವಳಲ್ಲ. ಅದೊಂದು ನನ್ನ ಹೆಮ್ಮೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. 1980ರ ದಶಕದಿಂದ ಸುಮಾರು 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಆದರೆ ಹುಳುವಿಗೆಂದು ಸುರಿದದ್ದು ಬಾವಿಗೂ ಅಂಗಳಕ್ಕೂ ಬಿತ್ತು. ಕೊಕ್ಕಡದ ಸುತ್ತಮುತ್ತ, ಗಡಿಯಾಚೆ ಕಾಸರಗೋಡಿನಲ್ಲಿ, ಹಾಸಿಗೆ ಬಿಟ್ಟೇಳಲಾರದ ಮಕ್ಕಳನ್ನು ಎತ್ತಿ ಆಡಿಸುತ್ತ ಮುದುಕಿಯರಾದ ತಾಯಂದಿರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷದ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಅದಕ್ಕೂ ಬಹಳ ಮೊದಲೇ ನಾನು ನಮ್ಮ ಅಟ್ಟದಲ್ಲಿದ್ದ ಎಲ್ಲ ಡಬ್ಬಿಗಳನ್ನೂ ಹೊರಗೆ ಹಾಕಿಸಿದ್ದೆ.

ಹಾಗಾಗಿ ನಾನು ಹಿಡಿದದ್ದು ಸಾವಯವ ದಾರಿ. ಬಿಸಿನೀರು, ಅದಕ್ಕೆ ಬಟ್ಟೆ ಸಾಬೂನಿನ ಚೂರು, ಒಂದು ಚಮಚ ಬೇವಿನೆಣ್ಣೆ. ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು 'ನೋಡು ಮಗಾ, ಇದರಲ್ಲಿ ವಿಷ ಇಲ್ಲ' ಎಂದು ಹೇಳಿಕೊಡುತ್ತ ಕುಂಡಗಳನ್ನು ಒಂದೊಂದಾಗಿ ಸರಿಸಿದೆ. ಹುಳುಗಳು ಓಡಿದವು. ಓಡಿದವುಗಳ ಮೇಲೆ ಸುರಿದೆ. ಮೂಲೆಯಲ್ಲಿದ್ದ ಒಂದು ಇಟ್ಟಿಗೆ ಎತ್ತಿದೆ. ಅಲ್ಲಿ ಮಣ್ಣಿನಲ್ಲಿ ಬಟ್ಟಲಿನಂತೆ ತೋಡಿದ ಸಣ್ಣ ಗುಳಿ, ಅದರಲ್ಲಿ ಸಾಬಕ್ಕಿಗಿಂತ ಸಣ್ಣಗಿನ ಬಿಳಿ ಮೊಟ್ಟೆಗಳ ಗುಪ್ಪೆ, ಅದರ ಮೇಲೆ ಒಂದು ಇಕ್ಕಳಹುಳು. ಬೆಳಕು ಬಿದ್ದರೂ ಅದು ಕದಲಲಿಲ್ಲ. ಬಾಲದ ಇಕ್ಕಳವನ್ನು ನನ್ನ ಕಡೆಗೆ ಎತ್ತಿತು, ಅಷ್ಟೆ. ನಾನು ಸುರಿದೆ.

'ಅದು ಯಾಕೆ ಓಡಲಿಲ್ಲ?' ಎಂದು ಮಗು ಕೇಳಿತು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು 'ಅದಕ್ಕೆ ಬುದ್ಧಿ ಇಲ್ಲ' ಎಂದುಬಿಟ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು ನಾನು.

ಉತ್ತರ ಆಮೇಲೆ ತಿಳಿಯಿತು, ಪುಸ್ತಕಗಳನ್ನು ಹುಡುಕಿದಾಗ. ಕೀಟಲೋಕದಲ್ಲಿ ಹೆಚ್ಚಿನ ತಾಯಂದಿರು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಚಿಟ್ಟೆ, ನೊಣ, ಸೊಳ್ಳೆ ಎಲ್ಲವೂ ಹಾಗೆಯೇ. ಇಕ್ಕಳಹುಳು ಹಾಗಲ್ಲ. ಅದು ಮಣ್ಣಿನಲ್ಲಿ ಗೂಡು ತೋಡಿ, ಮೊಟ್ಟೆಗಳನ್ನು ಒಟ್ಟುಗೂಡಿಸಿ ಅವುಗಳ ಮೇಲೆಯೇ ಕಾವಲು ಕೂರುತ್ತದೆ. ಯುರೋಪಿನ ಜಾತಿಯಲ್ಲಿ ಒಂದು ಸಲಕ್ಕೆ 30ರಿಂದ 60ರಷ್ಟು ಮೊಟ್ಟೆಗಳಿರುತ್ತವೆ. ತಾಯಿ ಅವನ್ನು ಒಂದೊಂದಾಗಿ ಬಾಯಲ್ಲಿ ಹಿಡಿದು ನೆಕ್ಕಿ ನೆಕ್ಕಿ ಬೂಷ್ಟು ಬೆಳೆಯದಂತೆ ನೋಡಿಕೊಳ್ಳುತ್ತಾಳೆ. ತಾಯಿಯನ್ನು ತೆಗೆದುಬಿಟ್ಟರೆ ಮೊಟ್ಟೆಗಳಿಗೆ ಬೂಷ್ಟು ಹಿಡಿದು ಕೊಳೆಯುತ್ತವೆ. ಗೂಡಿಗೆ ನೀರು ನುಗ್ಗಿದರೆ ಹೊತ್ತು ಬೇರೆಡೆಗೆ ಸಾಗಿಸುತ್ತಾಳೆ. ಮರಿಗಳು ಹೊರಬಂದ ಮೇಲೂ ಕೆಲವು ದಿನ ಅವುಗಳಿಗೆ ತಿನಿಸು ತಂದುಕೊಡುತ್ತಾಳೆ. 18ನೆಯ ಶತಮಾನದಲ್ಲಿ ಸ್ವೀಡನ್ ದೇಶದ ಕೀಟತಜ್ಞ ಚಾರ್ಲ್ಸ್ ಡಿ ಗೇರ್ ಎಂಬವರು ಇಂಥ ಒಂದು ತಾಯಿಯನ್ನು ಪೆಟ್ಟಿಗೆಯಲ್ಲಿಟ್ಟು ಮೊಟ್ಟೆಗಳನ್ನು ಚೆಲ್ಲಾಪಿಲ್ಲಿ ಮಾಡಿ ನೋಡಿದರು. ಆಕೆ ಅವನ್ನು ಒಂದೊಂದಾಗಿ ಕಚ್ಚಿ ತಂದು ಮತ್ತೆ ಒಂದೇ ಕಡೆ ಸೇರಿಸಿ ಮೇಲೆ ಕುಳಿತಳಂತೆ.

ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವುದನ್ನು ಪ್ರಭು ಯೇಸು ಜೆರುಸಲೇಮಿನ ಮುಂದೆ ನಿಂತು ನೆನಪಿಸಿಕೊಂಡರು. ನಾವು ಆ ಮಾತನ್ನು ಎಷ್ಟು ಸಲ ಕೇಳಿಲ್ಲ! ನನ್ನ ಇಟ್ಟಿಗೆಯಡಿ ಅದೇ ಕೆಲಸ ನಡೆಯುತ್ತಿತ್ತು. ರೆಕ್ಕೆಯ ಬದಲು ಇಕ್ಕಳ.

ಇಲ್ಲಿಗೆ ನಿಲ್ಲಿಸಿ 'ಅಯ್ಯೋ ಪಾಪ' ಎಂದರೆ ಅದು ಸುಲಭದ ಕಣ್ಣೀರಾಗುತ್ತದೆ. ಹುಳುವಿಗೆ ತಾಯ್ತನವಿದೆ ಎಂಬ ಕಾರಣಕ್ಕೆ ಅದನ್ನು ಕೊಲ್ಲುವುದೇ ಪಾಪ ಎಂದು ಧರ್ಮಸಭೆ ಹೇಳಿಲ್ಲ, ನಾನೂ ಹೇಳುವುದಿಲ್ಲ. ಹೆಗ್ಗಣಕ್ಕೂ ತಾಯ್ತನವಿದೆ. ಮಗುವಿನ ತಲೆಯ ಹೇನು ತೆಗೆಯುವಾಗ ಯಾವ ತಾಯಿಯೂ ಧರ್ಮಸಂಕಟಕ್ಕೆ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಮೃಗಪ್ರಾಣಿಗಳನ್ನು ಮನುಷ್ಯನು ಆಹಾರಕ್ಕೆ, ಉಡುಪಿಗೆ ಬಳಸಿಕೊಳ್ಳಬಹುದೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೇ ಒಪ್ಪುತ್ತದೆ. ಆದರೆ ಅದೇ ಗ್ರಂಥ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಅಗತ್ಯವಿಲ್ಲದೆ ಪ್ರಾಣಿಗಳನ್ನು ನೋಯಿಸುವುದಾಗಲಿ ಕೊಲ್ಲುವುದಾಗಲಿ ಮನುಷ್ಯನ ಘನತೆಗೇ ಕುಂದು. ಪ್ರಾಣಿಯ ಘನತೆಗೆ ಎಂದಿಲ್ಲ, ಗಮನಿಸಿ. ಮನುಷ್ಯನ ಘನತೆಗೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ಎಂಬ ವಿಶ್ವಪರಿಪತ್ರ ಬರೆದಾಗ ಇದೇ ಮಾತನ್ನು ಮತ್ತೆ ಎತ್ತಿದರು. ನಮ್ಮ ಕಣ್ಣಿಗೆ ಬೀಳದ ಹುಳಹುಪ್ಪಟೆ, ಅಣಬೆ, ಸೂಕ್ಷ್ಮಜೀವಿಗಳೂ ಪ್ರಕೃತಿಯ ವ್ಯವಸ್ಥೆಗೆ ಬೇಕು ಎಂದರು. ವಿಷ ಸಿಂಪಡಿಸಿ ನಾಶವಾಗುವ ಕೀಟಗಳಲ್ಲಿ ಬೇಸಾಯಕ್ಕೆ ನೆರವಾಗುವಂಥವೂ ಇವೆ ಎಂದು ಎಚ್ಚರಿಸಿದರು.

ಹಾಗಾದರೆ ಇಡೀ ಪ್ರಶ್ನೆ ಬಂದು ನಿಲ್ಲುವುದು ಆ ಒಂದು ಪದದ ಮೇಲೆ: ಅಗತ್ಯ. ಅಗತ್ಯವಿದೆಯೆಂದು ತೀರ್ಮಾನಿಸುವವರು ಯಾರು? ನಾನೇ. ಎಷ್ಟು ಹೊತ್ತಿನಲ್ಲಿ ತೀರ್ಮಾನಿಸಿದೆ? ಡೇಲಿಯ ಕೊಡವಿದ ಅರೆಗಳಿಗೆಯಲ್ಲಿ. ದೂರು ಕೊಟ್ಟವಳು, ಸಾಕ್ಷಿ, ನ್ಯಾಯಾಧೀಶೆ, ಕಡೆಗೆ ಬಿಸಿನೀರಿನ ಚೊಂಬು ಹಿಡಿದವಳು, ಎಲ್ಲ ನಾನೊಬ್ಬಳೇ.

ಈ ಸಂದರ್ಭದಲ್ಲಿ ಒಂದು ಹಳೆಯ ಮೊಕದ್ದಮೆಯ ವಿಷಯ ಹೇಳಬೇಕು. ನಗಬೇಡಿ, ಇದು ನಿಜವಾಗಿ ನಡೆದದ್ದು. ಇಂದು ಫ್ರಾನ್ಸ್ ದೇಶದಲ್ಲಿರುವ ಸವಾಯ್ ಎಂಬ ಬೆಟ್ಟನಾಡಿನಲ್ಲಿ ಸೇಂಟ್ ಜೂಲಿಯನ್ ಎಂಬ ಹಳ್ಳಿ. ಅಲ್ಲಿನ ದ್ರಾಕ್ಷಿತೋಟಗಳನ್ನು ಒಂದು ಜಾತಿಯ ಸೊಂಡಿಲು ಹುಳು ತಿಂದು ಹಾಳುಮಾಡುತ್ತಿತ್ತು. 1545ರಲ್ಲಿ ರೈತರು ಹುಳುಗಳ ಮೇಲೆ ಧರ್ಮಸಭೆಯ ನ್ಯಾಯಾಲಯದಲ್ಲಿ ದೂರು ಕೊಟ್ಟರು. ಅಂದಿನ ನ್ಯಾಯಾಧಿಕಾರಿ ಹುಳುಗಳಿಗೆ ಶಿಕ್ಷೆ ವಿಧಿಸಲಿಲ್ಲ. ಮೊದಲು ನೀವು ಪ್ರಾರ್ಥನೆ ಮಾಡಿ, ಪಶ್ಚಾತ್ತಾಪಪಡಿ, ತೋಟದ ಸುತ್ತ ಮೆರವಣಿಗೆ ಹೋಗಿ ಎಂದು ರೈತರನ್ನೇ ಕಳುಹಿಸಿದರು. 42 ವರ್ಷಗಳ ಬಳಿಕ, 1587ರಲ್ಲಿ, ಹುಳುಗಳು ಮತ್ತೆ ಬಂದವು, ಮೊಕದ್ದಮೆಯೂ ಮತ್ತೆ ತೆರೆಯಿತು. ಹುಳುಗಳ ಪರವಾಗಿ ವಾದಿಸಲು ನ್ಯಾಯಾಲಯವೇ ವಕೀಲರನ್ನು ಗೊತ್ತುಮಾಡಿತು. ವಕೀಲರೂ ಕೆಲಸವನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಆದಿಕಾಂಡದ ಮೊದಲ ಅಧ್ಯಾಯವನ್ನೇ ತೆರೆದಿಟ್ಟರು. ದೇವರು ಮನುಷ್ಯನಿಗಿಂತ ಮುಂಚೆ ಜೀವಜಂತುಗಳನ್ನು ಸೃಷ್ಟಿಸಿ ವೃದ್ಧಿಯಾಗಲು ಹರಸಿದ್ದಾರೆ, ಹಸಿರು ಸಸ್ಯಗಳನ್ನು ಅವುಗಳಿಗೂ ಆಹಾರವಾಗಿ ಕೊಟ್ಟಿದ್ದಾರೆ, ಆದ್ದರಿಂದ ನನ್ನ ಕಕ್ಷಿಗಾರರು ಕಳ್ಳರಲ್ಲ ಎಂದು ವಾದ ಹೂಡಿದರು. ಕಡೆಗೆ ಊರವರು ಸಭೆ ಸೇರಿ, ಹುಳುಗಳು ಬದುಕಿಕೊಳ್ಳಲಿ ಎಂದು ಊರಾಚೆ ಒಂದು ತುಂಡು ಜಾಗ ಬಿಟ್ಟುಕೊಡಲು ಮುಂದಾದರು. ಆ ಜಾಗ ಬರಡು, ಅಲ್ಲಿ ತಿನ್ನಲು ಏನೂ ಇಲ್ಲವೆಂದು ಹುಳುಗಳ ವಕೀಲರು ಅದಕ್ಕೂ ಆಕ್ಷೇಪಣೆ ಎತ್ತಿದರು!

ಕಡೆಗೆ ತೀರ್ಪು ಏನಾಯಿತು? ತಿಳಿಯದು. ದಾಖಲೆಯ ಕೊನೆಯ ಹಾಳೆಯನ್ನು ಇಲಿಯೋ ಹುಳುವೋ ತಿಂದುಬಿಟ್ಟಿದೆ.

ಇದನ್ನು ಓದಿ ಹಿಂದಿನವರ ಮೂಢತನವೆಂದು ನಕ್ಕುಬಿಡುವವರೇ ಹೆಚ್ಚು. ನಾನೂ ಮೊದಲು ನಕ್ಕೆ. ಆಮೇಲೆ ನನ್ನ ಅಂಗಳದ ನ್ಯಾಯಾಲಯ ನೆನಪಾಯಿತು, ನಗು ನಿಂತಿತು. ಆ ರೈತರು ದ್ರಾಕ್ಷಿಯಿಂದಲೇ ಹೊಟ್ಟೆ ಹೊರೆಯುವವರು. ಅಂಥವರು ಎದುರಾಳಿಯ ಮಾತನ್ನೂ ಯಾರಾದರೂ ಆಡಲಿ ಎಂದು ಒಪ್ಪಿಕೊಂಡರು. ನನಗೆ ಕಷ್ಟವಿದ್ದದ್ದು ನಾಲ್ಕು ಡೇಲಿಯ ಹೂವುಗಳದ್ದು.

ಈ ಹುಳುವಿನ ಮೇಲೆ ಸುಳ್ಳು ಆಪಾದನೆ ಹೊರಿಸುವುದು ನನ್ನಿಂದ ಶುರುವಾದದ್ದಲ್ಲ ಎಂಬುದು ಬೇರೆ ಮಾತು. ಅದರ ಇಂಗ್ಲಿಷ್ ಹೆಸರಿನಲ್ಲಿಯೇ ಕಿವಿ ಇದೆ. ಜರ್ಮನರು ಕಿವಿಹುಳು ಎನ್ನುತ್ತಾರೆ, ಫ್ರೆಂಚರು ಕಿವಿ ತೂತುಮಾಡುವ ಹುಳು ಎನ್ನುತ್ತಾರೆ. ಮಲಗಿದವರ ಕಿವಿ ಹೊಕ್ಕು ಮಿದುಳು ತಿನ್ನುತ್ತದೆಂದು ಸಾವಿರ ವರ್ಷದಿಂದ ಜನ ಹೇಳಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಜರಿಯ ಬಗ್ಗೆ ಹೇಳುವುದಿಲ್ಲವೇ, ಹಾಗೆ. ವಾಸ್ತವದಲ್ಲಿ ಅದಕ್ಕೆ ಬೇಕಾದದ್ದು ಒದ್ದೆಯಾದ ಸಂದು, ಕತ್ತಲೆ. ಇಕ್ಕಳದಲ್ಲಿ ವಿಷವಿಲ್ಲ. ಒತ್ತಿ ಹಿಡಿದರೆ ಸಣ್ಣಗೆ ಚಿವುಟೀತು. ಪರರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಮೋಶೆಗೆ ಕೊಟ್ಟದ್ದು ಮನುಷ್ಯರ ವಿಷಯದಲ್ಲಿ, ಒಪ್ಪಿದೆ. ಆದರೆ ಹುಳುವಿನ ಮೇಲೆ ಅಷ್ಟು ಸಲೀಸಾಗಿ ಆಪಾದನೆ ಹೊರಿಸುವ ನಾಲಿಗೆ ನೆರೆಮನೆಯವರ ವಿಷಯದಲ್ಲಿ ದಿಢೀರನೆ ಎಚ್ಚರವಹಿಸುತ್ತದೆಯೇ? ಹೂ ಕಡಿಮೆಯಾದಾಗ ನಾನು ಇಕ್ಕಳಹುಳುವಿಗಿಂತ ಮೊದಲು ಅನುಮಾನಪಟ್ಟದ್ದು ಬೇಲಿಯಾಚೆ ಆಡುವ ಮಕ್ಕಳ ಮೇಲೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಸರಿ, ಮುಂದೇನು ಮಾಡಿದೆ? ತಡವಾಗಿಯಾದರೂ ವಿಚಾರಣೆ ಮಾಡೋಣವೆಂದು ಟಾರ್ಚು ಹಿಡಿದು ಹೊರಟೆ. ಹೂ ತಿನ್ನುವವರು ಬರುವುದು ರಾತ್ರಿ. ನಾವು ನೋಡುವುದು ಬೆಳಗ್ಗೆ. ಎಲ್ಲ ತಪ್ಪು ತೀರ್ಪುಗಳ ಮೂಲ ಇದೇ. ಮೊದಲ ರಾತ್ರಿ ಮಳೆ ಸುರಿದು ಏನೂ ಕಾಣಲಿಲ್ಲ. ಎರಡನೆಯ ರಾತ್ರಿ ಒಂಬತ್ತು ಗಂಟೆಗೆ, ಸೆರಗು ತಲೆಗೆ ಹೊದ್ದುಕೊಂಡು ಕುಂಡಗಳ ನಡುವೆ ಕುಳಿತೆ. ಮೊಮ್ಮಗಳಿಗೆ ನಿದ್ದೆ ಬರಬೇಕಲ್ಲ! ಅವಳೂ ಬಂದಳು.

ಗೊಂಡೆ ಗಿಡಗಳನ್ನು ಕಡ್ಡಿ ಮಾಡಿದ್ದು ಆಫ್ರಿಕದ ದೊಡ್ಡ ಬಸವನಹುಳು. ನಿಂಬೆಹಣ್ಣಿಗಿಂತ ದೊಡ್ಡ ಚಿಪ್ಪಿನ ಎರಡು ಹುಳುಗಳು ಎಲೆ, ದಂಟು ಸಹಿತ ಮೇಯುತ್ತಿದ್ದವು. ಅವು ಬಿಟ್ಟುಹೋಗುವ ಅಂಟಿನ ಗೆರೆಯನ್ನು ಬೆಳಗಿನ ಮಳೆ ತೊಳೆದುಬಿಡುತ್ತಿತ್ತು, ಅದಕ್ಕೇ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕರ್ಣಕುಂಡಲದ ಮೊಗ್ಗಿನಲ್ಲಿ ಹಸಿರು ಕಂಬಳಿಹುಳು. ಮತ್ತೆ ನಮ್ಮ ಆರೋಪಿ? ಡೇಲಿಯದಲ್ಲಿ ಮೂರು ನಾಲ್ಕು ಇಕ್ಕಳಹುಳುಗಳಿದ್ದವು. ಒಂದು ನಿಜವಾಗಿಯೂ ಎಸಳಿನ ಅಂಚನ್ನು ತಿನ್ನುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ, ವಕೀಲಿಕೆ ಮಾಡುವವರೂ ಸತ್ಯವನ್ನೇ ಹೇಳಬೇಕು. ಆದರೆ ಪಕ್ಕದ ದಾಸವಾಳದ ಚಿಗುರಿಗೆ ಗಿಡಹೇನು ಮುತ್ತಿತ್ತು. ಅಲ್ಲಿದ್ದ ಇನ್ನೊಂದು ಇಕ್ಕಳಹುಳು ಒಂದಾದ ಮೇಲೊಂದರಂತೆ ಹೇನುಗಳನ್ನು ಹಿಡಿದು ತಿನ್ನುತ್ತಿತ್ತು. ಮಗು ಎಣಿಸಿತು. ಒಂಬತ್ತರ ನಂತರ ಲೆಕ್ಕ ತಪ್ಪಿತು.

ಹೀಗೆ ಪೂರ್ತಿ ಅಪರಾಧಿಯೂ ಅಲ್ಲ, ಪೂರ್ತಿ ನಿರಪರಾಧಿಯೂ ಅಲ್ಲ. ಇಂಥವರ ವಿಚಾರಣೆಯೇ ಕಷ್ಟ. ಸೇಬಿನ ತೋಟಗಳಲ್ಲಿ ಇದೇ ಹುಳುವಿನ ಯುರೋಪಿನ ಜಾತಿಯನ್ನು ಕರೆದು ಸತ್ಕರಿಸುತ್ತಾರೆ. ಒಣಹುಲ್ಲು ತುಂಬಿದ ಮಣ್ಣಿನ ಕುಂಡವನ್ನು ಮಗುಚಿ ಮರಕ್ಕೆ ನೇತುಹಾಕಿದರೆ ಹಗಲು ಅದರೊಳಗೆ ಅಡಗಿ, ರಾತ್ರಿ ಸೇಬಿನ ಗಿಡಹೇನುಗಳನ್ನು ಮುಗಿಸುತ್ತವೆ. ನಮ್ಮ ತೆಂಗಿನ ಸುಳಿಯಲ್ಲಿಯೂ ಒಂದು ಕಪ್ಪು ಇಕ್ಕಳಹುಳು ಇರುತ್ತದೆ. ತೆಂಗಿಗೆ ಮಾರಕವಾದ ಕೆಂಪು ಮೂತಿಹುಳುವಿನ ಮೊಟ್ಟೆ, ಮರಿಗಳನ್ನು ಅದು ತಿನ್ನುತ್ತದೆ. ಅತ್ತ ಬಯಲುಸೀಮೆಯಲ್ಲಿ ಮತ್ತೊಂದು ಜಾತಿ ನೆಲಗಡಲೆಯ ಎಳೆಕಾಯಿಗೆ ತೂತು ಕೊರೆದು ಬೀಜ ತಿನ್ನುತ್ತದೆ. ನೆಲಗಡಲೆಯ ರೈತ ತನ್ನ ಮನೆಯ ಅನ್ನ ಉಳಿಸಿಕೊಳ್ಳಲು ಆ ಹುಳುವನ್ನು ಕೊಂದರೆ ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಅವನ ಅಗತ್ಯ ಬೇರೆ, ನನ್ನ ಆಸೆ ಬೇರೆ. ನಾವು ಪಟ್ಟಣದ ತಾರಸಿಯಲ್ಲಿ, ಊರಿನ ಅಂಗಳದಲ್ಲಿ ಹೂ ಬೆಳೆಸುವವರು ಎಷ್ಟೋ ಸಲ ನಮ್ಮ ಆಸೆಗೆ ರೈತನ ಅಗತ್ಯದ ಹೆಸರನ್ನು ಎರವಲು ತರುತ್ತೇವೆ.

ಬಸವನಹುಳುಗಳನ್ನು ಏನು ಮಾಡಿದೆ ಎಂದು ಕೇಳುತ್ತೀರಾ? ಉಪ್ಪುನೀರಿನ ಬಾಲ್ದಿಗೆ ಹಾಕಿದೆ. ಅವು ಈ ನಾಡಿನವಲ್ಲ, 1847ರಲ್ಲಿ ಒಬ್ಬ ಮನುಷ್ಯನೇ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು. ಇಲ್ಲಿ ಅವನ್ನು ಹತೋಟಿಯಲ್ಲಿಡುವ ಶತ್ರುಗಳಿಲ್ಲದೆ ತೋಟಗಳಲ್ಲೆಲ್ಲ ಹಬ್ಬಿವೆ. ಬಸಳೆ, ಪಪ್ಪಾಯಿ, ಅಡಿಕೆಯ ಸಸಿ ಯಾವುದನ್ನೂ ಬಿಡವು. ಮನುಷ್ಯ ಮಾಡಿದ ಎಡವಟ್ಟಿಗೆ ಹುಳು ಸಾಯಬೇಕೇ ಎಂದರೆ ನನ್ನಲ್ಲಿ ಚೊಕ್ಕ ಉತ್ತರವಿಲ್ಲ. ಬಾಲ್ದಿಗೆ ಹಾಕುವಾಗ ಕೈ ಹಗುರವಾಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ನೋಡಿ ಕೊಂದೆ. ಅದಕ್ಕೂ ಹಿಂದಿನ ದಿನದ ಬಿಸಿನೀರಿಗೂ ವ್ಯತ್ಯಾಸವಿದೆಯೆಂದು ನನ್ನ ಮನಸ್ಸು ಹೇಳುತ್ತದೆ.

ಇನ್ನು 'ಸಾವಯವ' ಎಂಬ ಮಾತಿಗೆ ಬರೋಣ. ಬೇವಿನೆಣ್ಣೆ, ಸಾಬೂನು ನೀರು, ಬೂದಿ, ಎಣ್ಣೆ ಸವರಿದ ಗೆರಟೆ, ಇವೆಲ್ಲ ಒಳ್ಳೆಯವೇ. ಇವು ಬಾವಿ ಕೆಡಿಸುವುದಿಲ್ಲ, ಕೋಳಿಯನ್ನು ಕೊಲ್ಲುವುದಿಲ್ಲ, ಪಕ್ಕದ ಮನೆಯ ಮಗುವಿನ ಮೈಗೆ ಹಾರುವುದಿಲ್ಲ. ಶಿಕ್ಷೆ ಬೇಲಿ ದಾಟದಂತೆ ಅವು ನೋಡಿಕೊಳ್ಳುತ್ತವೆ. ಇದು ಸಣ್ಣ ಗುಣವಲ್ಲ, ಕೊಕ್ಕಡದ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಸಾಬೂನು ನೀರಿನಲ್ಲಿ ಮುಳುಗುವ ಹುಳುವಿಗೆ ಆ ನೀರು ಸಾವಯವವೋ ಅಲ್ಲವೋ ಎಂಬ ಭೇದವಿಲ್ಲ. ಪೊಟ್ಟಣದ ಮೇಲಿನ ಆ ಒಂದು ಪದ ನನ್ನ ಆತ್ಮಸಾಕ್ಷಿಗೆ ಜೋಗುಳ ಹಾಡಿತ್ತು. ವಿಷವಿಲ್ಲ, ಆದ್ದರಿಂದ ಪ್ರಶ್ನೆಯೂ ಇಲ್ಲ ಎಂದುಕೊಂಡಿದ್ದೆ. ಇದನ್ನು ಪಾಪನಿವೇದನೆಯಲ್ಲಿ ಹೇಳಲೇ ಎಂದೂ ಯೋಚಿಸಿದೆ. ಸಾಲಿನಲ್ಲಿ ನನ್ನ ಹಿಂದೆ ಹತ್ತು ಜನರಿದ್ದರು, ಗುರುಗಳು ನಕ್ಕುಬಿಟ್ಟಾರೆಂದು ಸುಮ್ಮನಾದೆ. ಮೊಮ್ಮಗಳಿಗೆ ಸುಳ್ಳು ಉತ್ತರ ಕೊಟ್ಟದ್ದನ್ನು ಹೇಳಿದೆ. ಅದಕ್ಕೆ ಅವರು ನಗಲಿಲ್ಲ.

ಈಗ ನಮ್ಮ ಅಂಗಳದಲ್ಲಿ ನಡೆಯುವ ಕ್ರಮ ಹೇಳುತ್ತೇನೆ, ಬೇಕಾದವರು ಮಾಡಿ ನೋಡಬಹುದು. ಮೊದಲು ಅವುಗಳಿಗೆ ಮನೆ ಕಟ್ಟಿಕೊಡುವುದನ್ನು ನಿಲ್ಲಿಸಿದೆ. ಕುಂಡಗಳನ್ನು ನೆಲದಿಂದ ಎತ್ತರಿಸಿ ಇಟ್ಟಿಗೆಯ ಮೇಲಿಟ್ಟು ಅಡಿಯಲ್ಲಿ ಗಾಳಿಯಾಡುವಂತೆ ಮಾಡಿದೆ, ಗಿಡದ ಬುಡದಲ್ಲಿ ದಪ್ಪಗೆ ಹಾಸಿದ್ದ ಕೊಳೆತ ಸೋಗೆ, ತೆಂಗಿನ ಸಿಪ್ಪೆಗಳನ್ನು ಮಳೆಗಾಲದ ಮಟ್ಟಿಗೆ ದೂರ ಸರಿಸಿದೆ. ಅರ್ಧದಷ್ಟು ಹುಳುಗಳು ಅಲ್ಲಿಗೇ ಕಡಿಮೆಯಾದವು. ಸಂಜೆ ಹಳೆಯ ಕಾಗದವನ್ನು ನೀರಲ್ಲಿ ನೆನೆಸಿ, ಸಡಿಲವಾಗಿ ಸುರುಳಿ ಸುತ್ತಿ ಡೇಲಿಯದ ಬುಡದಲ್ಲಿ ಇಡುತ್ತೇನೆ. ದಿನಪತ್ರಿಕೆಯದ್ದು, ಈ ವಾರಪತ್ರಿಕೆಯದ್ದಲ್ಲ. ಸಂಪಾದಕರು ಗಾಬರಿಯಾಗಬಾರದು. ರಾತ್ರಿಯೆಲ್ಲ ಅಲೆದ ಹುಳುಗಳು ಬೆಳಗಿನ ಜಾವ ಆ ಸುರುಳಿಯೊಳಗೆ ಅಡಗುತ್ತವೆ. ಪುಸ್ತಕಗಳು ಈ ಹಂತದಲ್ಲಿ ಸುರುಳಿಯನ್ನು ಸಾಬೂನು ನೀರಿಗೆ ಕೊಡವಲು ಹೇಳುತ್ತವೆ. ನಾನು ಅದನ್ನು ತೋಟದ ಆಚೆ ತುದಿಗೆ ಒಯ್ದು ತೆಂಗಿನ ಬುಡದಲ್ಲಿ ಕೊಡವುತ್ತೇನೆ. ಅಲ್ಲಿ ಕೊಳೆತ ಎಲೆಗಳಿವೆ, ಹೇನುಗಳಿವೆ, ಅವುಗಳಿಗೆ ಬೇಕಾದ್ದೆಲ್ಲ ಇದೆ. ಸೇಂಟ್ ಜೂಲಿಯನ್ನಿನ ರೈತರು ಕೊಟ್ಟ ಜಾಗದಂತೆ ಬರಡಲ್ಲ, ಯಾವ ವಕೀಲರೂ ಆಕ್ಷೇಪಣೆ ಎತ್ತಲಾರರು. ಕೆಲವು ಹಿಂದಿರುಗಿ ಬರುತ್ತವೆಯೋ ಏನೋ. ಬಂದರೆ ಮತ್ತೆ ಸುರುಳಿ ಇದೆ. ಮೊಗ್ಗುಗಳನ್ನು ಉಳಿಸಲೇಬೇಕಾದ ಒಂಬತ್ತು ದಿನ ತೆಳುಬಟ್ಟೆಯ ಚೀಲವನ್ನು ಮೊಗ್ಗಿಗೆ ಕಟ್ಟುತ್ತೇನೆ. ಬೂದಿಯ ವಿಷಯ ಮಾತ್ರ ನಂಬಬೇಡಿ, ನಮ್ಮ ಮಳೆಗೆ ಅದು ಒಂದು ಗಳಿಗೆಯೂ ನಿಲ್ಲದು.

ಇದೆಲ್ಲ ಹೆಚ್ಚಿನ ಕೆಲಸವೇ? ಹೌದು, ದಿನಕ್ಕೆ ಹತ್ತು ನಿಮಿಷ ಹೆಚ್ಚು. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿ ಇದೆಯಲ್ಲ, ಅದನ್ನು ಈಗ ಓದುವಾಗ ನನ್ನ ಕಣ್ಣು ಯಜಮಾನನ ಮೇಲೆ ನಿಲ್ಲುವುದಿಲ್ಲ, ಆ ತೋಟಗಾರನ ಮೇಲೆ ನಿಲ್ಲುತ್ತದೆ. ಯಜಮಾನ ಕಡಿದುಹಾಕು ಎಂದ. ಎಂದೂ ಕಡಿಯಲೇಬಾರದು ಎಂದು ತೋಟಗಾರ ವಾದಿಸಲಿಲ್ಲ. ಒಂದು ವರ್ಷ ಬಿಡಿ, ನಾನು ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಾರದಿದ್ದರೆ ಕಡಿಯಿರಿ ಎಂದು ಕೇಳಿಕೊಂಡ. ಕಡಿಯುವುದು ತಪ್ಪಿತೋ ಇಲ್ಲವೋ ಪ್ರಭು ಹೇಳಲಿಲ್ಲ. ಆದರೆ ನಡುವಿನ ಒಂದು ವರ್ಷದ ಕೆಲಸ ಯಾರ ತಲೆಗೆ ಬಿತ್ತು? ತೋಟಗಾರನ ತಲೆಗೇ. ಬೇರೆಯವರ ಪರ ಮಾತಾಡಿದವರಿಗೆ ಕೆಲಸ ಹೆಚ್ಚಾಗುತ್ತದೆ.

ಆ ವರ್ಷದ ನೊವೇನಕ್ಕೆ ನಮ್ಮ ಗಿಡಗಳಿಂದ ಸಿಕ್ಕಿದ್ದು ದಿನಕ್ಕೊಂದು ಮುಷ್ಟಿ ಹೂ ಮಾತ್ರ, ಅದರಲ್ಲೂ ಡೇಲಿಯಗಳ ಅಂಚು ಹರಿದಿತ್ತು. ಕೊನೆಯ ದಿನ ನಾನು ಪೇಟೆಯಿಂದ ಒಂದು ಮೊಳ ಸೇವಂತಿಗೆ ತಂದಿಟ್ಟೆ. ಹಬ್ಬದ ದಿನ ಮಗುವಿನ ಬುಟ್ಟಿ ಚೆನ್ನಾಗಿ ಕಾಣಬೇಕೆಂಬ ಆಸೆ. ಅವಳು ಸೇವಂತಿಗೆಯನ್ನು ಬುಟ್ಟಿಯ ಅಡಿಗೆ ಹಾಕಿ, ಅರ್ಧ ತಿಂದ ಡೇಲಿಯವನ್ನು ಮೇಲೆ ಇಟ್ಟಳು. ಬೇಡ, ಅದು ಹುಳು ತಿಂದದ್ದು ಎಂದೆ.

'ಗೊತ್ತು, ನಾನೇ ನೋಡಿದ್ದೇನಲ್ಲ' ಎಂದು ಬುಟ್ಟಿ ಎತ್ತಿಕೊಂಡು ಹೊರಟಳು.